ಪೆಟ್ಟಿಗೆಯೊಳಗಿನ ಬೀಡಿ ಕಾರ್ಡು

ಅಕ್ಕೋಳದ ನಮಗೆ ಬೆಳಗಾವಿಗಿಂತ ಕೊಲ್ಹಾಪುರವೇ ಹತ್ತಿರ. 1906ರಲ್ಲಿ ಶಾಹೂ ಮಹಾರಾಜರು ಅಲ್ಲಿ ಮುಸ್ಲಿಂ ಬೋರ್ಡಿಂಗಿಗೆ ನೆರವಾದವರು. ಆ ಋಣ ದೊಡ್ಡದು. ಆದರೂ ಮಕ್ಕಳನ್ನು ಗಡಿಯಾಚೆಯ ಶಾಲೆಗೆ ಹಾಕುವ ಮುಂಚೆ ನಾವು ಲೆಕ್ಕ ಹಾಕಬೇಕು. ಕರ್ನಾಟಕದ ಸಿಇಟಿ ಸೀಟಿಗೆ ಸಾಮಾನ್ಯವಾಗಿ ಏಳು ವರ್ಷ ಇಲ್ಲೇ ಓದಿರಬೇಕು. ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲಿ ಓದಿದವರಿಗೆ ಗ್ರಾಮೀಣ ಮೀಸಲಾತಿ ಶೇ. 15, ಕನ್ನಡ ಮಾಧ್ಯಮದವರಿಗೆ ಶೇ. 5. ನಮ್ಮ ಉರ್ದು, ಮರಾಠಿ ಶಾಲೆಯ ಮಕ್ಕಳಿಗೆ ಎರಡನೆಯದಿಲ್ಲ, ಮೊದಲನೆಯದುಂಟು. ಹೆಡ್‌ಮಾಸ್ತರರ ಸಹಿ, ಬಿಇಒ ಮೇಲುಸಹಿಗೆ ಓಡಾಡುವುದೇ ಬೇಸರವೆಂದು ಕೈಬಿಟ್ಟವರನ್ನು ಕಂಡಿದ್ದೇವೆ.

ಇನ್ನು ಹಣ. ನಿಪ್ಪಾಣಿ ಸೀಮೆಯಲ್ಲಿ ಬೀಡಿ ಕಟ್ಟುವ ತಾಯಂದಿರ ಗುರುತಿನ ಚೀಟಿ ಪೆಟ್ಟಿಗೆಯ ತಳದಲ್ಲಿ ಬಿದ್ದಿರುತ್ತದೆ. ಬೆರಳು ಸವೆಸಿ ಗಳಿಸಿದ ಕಾಗದವದು! ಅದನ್ನು ತೋರಿಸಿ ಕೇಂದ್ರ ಕಾರ್ಮಿಕ ಇಲಾಖೆಯ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಬಹುದು. ವೃತ್ತಿಪರ ಕೋರ್ಸಿಗೆ ವರ್ಷಕ್ಕೆ 25,000 ರೂಪಾಯಿವರೆಗೆ. ಆದಾಯದ ಮಿತಿಯಿದೆ. ಅಲ್ಪಸಂಖ್ಯಾತರಿಗೆ ಕೇಂದ್ರ ಕೊಡುತ್ತಿದ್ದ ಒಂದರಿಂದ ಎಂಟನೆಯ ತರಗತಿಯ ವೇತನ 2022ರಲ್ಲಿ ನಿಂತ ಮೇಲೆ ಈ ಚೀಟಿಯ ಬೆಲೆ ಹೆಚ್ಚಿದೆ. ಅಲ್ಪಸಂಖ್ಯಾತರ ನಿಗಮದ ‘ಅರಿವು’ ಕೂಡ ಉಪಯೋಗಕ್ಕೆ ಬರುತ್ತದೆ. ಆದರೆ ಅದು ಸಾಲ, ತೀರಿಸಬೇಕಾದದ್ದು. ಮನೆಯಲ್ಲಿ ಮೊದಲೇ ಹೇಳಿಬಿಡುವುದು ಲೇಸು.

ನಮ್ಮವರ ದೊಡ್ಡ ತೊಡಕು ಹೆಸರಿನದು. ಅಂಕಪಟ್ಟಿಯಲ್ಲಿ ‘ಶೇಖ’, ಆಧಾರಿನಲ್ಲಿ ‘ಶೇಖ್’, ಬ್ಯಾಂಕಿನಲ್ಲಿ ಅಬ್ಬಾನ ಹೆಸರೇ ಮೊದಲು. ಹೀಗಿದ್ದರೆ ಅರ್ಜಿ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಎಸೆಸೆಲ್ಸಿ ಅರ್ಜಿ ತುಂಬುವಾಗಲೇ ಹೆಸರು ನೋಡಿಕೊಳ್ಳಿರಿ. 2ಬಿ ಮತ್ತು ಆದಾಯದ ಪ್ರಮಾಣಪತ್ರಗಳನ್ನು ಫಲಿತಾಂಶಕ್ಕೆ ಕಾಯದೆ, ಪರೀಕ್ಷೆ ಮುಗಿದ ವಾರವೇ ನಾಡಕಚೇರಿಯಲ್ಲಿ ಕೇಳಿರಿ. ಜೂನಿನಲ್ಲಿ ಅಲ್ಲಿ ಪಾಳಿ ಬಾಗಿಲು ದಾಟಿರುತ್ತದೆ.