ಆರ್ಡರಿಗಿಂತ ಮೊದಲೇ ತಲುಪಿದ ರದ್ದತಿ

2010-11ರ ಹೊತ್ತಿಗೆ ಬೆಂಗಳೂರಿನಲ್ಲಿ ನಾವು ಮಾಡುತ್ತಿದ್ದ ಆ್ಯಪ್ ಅಂಗಡಿಗಳಿಗೆ ಸರಕು ಹಾಕುವ ಸೇಲ್ಸ್‌ಮನ್‌ಗಳ ಕೈಗೆ ಹೋಗುತ್ತಿತ್ತು. ಆರ್ಡರ್ ಬರೆದುಕೊಳ್ಳುವುದು, ಅಂಗಡಿಯವರು ಮನಸ್ಸು ಬದಲಿಸಿದರೆ ತಿದ್ದುವುದು, ಬೇಡವೆಂದರೆ ರದ್ದು ಮಾಡುವುದು. ಯಾವ ಗಳಿಗೆಯಲ್ಲಿ ಯಾವ ಬಟನ್ ಒತ್ತುತ್ತಾರೋ ಮೊದಲೇ ಗೊತ್ತಿರುವುದಿಲ್ಲ. ಒತ್ತಿದ್ದೆಲ್ಲ ಹಿನ್ನೆಲೆಯಲ್ಲಿ, ಒತ್ತಿದ ಕ್ರಮದಲ್ಲೇ ಸರ್ವರ್‌ಗೆ ಹೋಗಬೇಕು.

ಆಗ ಇಂಥದ್ದಕ್ಕೆಲ್ಲ ಆಸಿಂಕ್‌ಟಾಸ್ಕ್. 2009ರಲ್ಲಿ ಆಂಡ್ರಾಯ್ಡ್ 1.5ರ ಜೊತೆ ಬಂದಾಗ ಅದು ಒಂದೇ ಥ್ರೆಡ್ಡಿನಲ್ಲಿ ಒಂದಾದ ಮೇಲೊಂದು ಕೆಲಸ ಮುಗಿಸುತ್ತಿತ್ತು. ಅದೇ ವರ್ಷ 1.6ರಲ್ಲಿ ಅದು ಥ್ರೆಡ್ ಪೂಲ್ ಆಯಿತು; ಕೆಲಸಗಳು ಒಟ್ಟೊಟ್ಟಿಗೆ ಓಡತೊಡಗಿದವು. ನಮ್ಮ ಸೇಲ್ಸ್‌ಮನ್‌ಗಳ ಫೋನಿನಲ್ಲಿದ್ದದ್ದು 2.2, 2.3. ನೆಟ್‌ವರ್ಕ್ ತೆವಳುವ ಊರಿನಲ್ಲಿ ಉದ್ದದ ಆರ್ಡರ್ ಇನ್ನೂ ದಾರಿಯಲ್ಲಿರುವಾಗಲೇ ಪುಟ್ಟ ರದ್ದತಿ ಸರ್ವರ್ ಮುಟ್ಟುತ್ತಿತ್ತು. ಅಂಥ ಆರ್ಡರೇ ಇಲ್ಲವೆಂದು ಸರ್ವರ್ ಅದನ್ನು ತಳ್ಳಿಹಾಕುತ್ತಿತ್ತು. ಆಮೇಲೆ ಬಂದ ಆರ್ಡರ್ ಮಾತ್ರ ಉಳಿದುಕೊಳ್ಳುತ್ತಿತ್ತು. ಮರುದಿನ ಬೇಡವೆಂದವರ ಅಂಗಡಿ ಮುಂದೆಯೇ ಸರಕಿನ ಗಾಡಿ. ಬೈಸಿಕೊಳ್ಳುತ್ತಿದ್ದವರು ಸೇಲ್ಸ್‌ಮನ್‌ಗಳು, ಅದೇ ನನಗೆ ಸಂಕಟ.

2011ರಲ್ಲಿ 3.0 ಬಂದಾಗ ಆಸಿಂಕ್‌ಟಾಸ್ಕ್ ಮತ್ತೆ ಸರದಿಗೆ ಮರಳಿತು. ಅದರ ಕೋಡ್ ತೆರೆದರೆ ಇದ್ದದ್ದಿಷ್ಟು: ಒಂದು ಅರೇಡೆಕ್, ಈಗ ಓಡುತ್ತಿರುವ ಕೆಲಸವನ್ನು ಹಿಡಿದಿಡುವ ಒಂದು ವೇರಿಯಬಲ್. ಹೊಸ ಕೆಲಸ ಬಂದರೆ ಸಾಲಿನ ಕೊನೆಗೆ ಸೇರಿಸು. ಏನೂ ಓಡುತ್ತಿಲ್ಲವಾದರೆ ಮೊದಲಿನದನ್ನು ಎಬ್ಬಿಸು. ಪ್ರತಿ ಕೆಲಸವನ್ನೂ ಟ್ರೈ ಒಳಗಿಟ್ಟು, ಮುಂದಿನದನ್ನು ಕರೆಯುವ ಸಾಲನ್ನು ಫೈನಲಿಯಲ್ಲಿ ಬರೆದಿದ್ದರು. ಕೆಲಸ ಅರ್ಧಕ್ಕೇ ಎಡವಿದರೂ ಮುಂದಿನದಕ್ಕೆ ಕರೆ ಹೋಗುತ್ತದೆ. ಜಾವಾದ ಎಕ್ಸಿಕ್ಯೂಟರ್ ಬಗೆಗಿನ ದಾಖಲೆಯಲ್ಲಿ ಉದಾಹರಣೆಯಾಗಿ ಕೊಟ್ಟಿರುವುದೂ ಬಹುಪಾಲು ಇದನ್ನೇ. ಒಂದೇ ಸ್ಕ್ರೀನಿನಲ್ಲಿ ಹಿಡಿಸುವ ಈ ತುಣುಕನ್ನು ಇವತ್ತಿಗೂ ಟೀಮಿಗೆ ಬರುವ ಹೊಸಬರಿಗೆ ಓದಿಸುತ್ತೇನೆ. ಇಷ್ಟು ಚೊಕ್ಕ ಕೋಡ್ ನಾನು ಹೆಚ್ಚು ಕಂಡಿಲ್ಲ.

2020ರಲ್ಲಿ ಆಂಡ್ರಾಯ್ಡ್ 11ರೊಂದಿಗೆ ಆಸಿಂಕ್‌ಟಾಸ್ಕ್ ಡೆಪ್ರಿಕೇಟ್ ಆಯಿತು. ಮರುಗುವಂಥದ್ದೇನಿಲ್ಲ. ಆ ಸರದಿ ಇದ್ದದ್ದು ಮೆಮೊರಿಯಲ್ಲಿ. ಚಾರ್ಜ್ ಮುಗಿದು ಫೋನ್ ಆಫ್ ಆದರೆ ಸಾಲಿನಲ್ಲಿದ್ದದ್ದೆಲ್ಲ ಹೋಯಿತೆಂದೇ ಲೆಕ್ಕ. ಇಂದಿನ ವರ್ಕ್‌ಮ್ಯಾನೇಜರ್ ಸರದಿಯನ್ನು ಡೇಟಾಬೇಸಿನಲ್ಲಿ ಬರೆದಿಡುತ್ತದೆ, ಫೋನ್ ಮತ್ತೆ ಆನ್ ಆದ ಮೇಲೆ ಉಳಿದದ್ದನ್ನು ಮುಂದುವರಿಸುತ್ತದೆ. ಒಂದೇ ಹೆಸರಿನಡಿ ಅಪೆಂಡ್ ಎಂದು ಕೊಟ್ಟರೆ ಕೆಲಸಗಳು ಕ್ರಮ ತಪ್ಪುವುದಿಲ್ಲ. ಆದರೆ ಅಪೆಂಡ್‌ನಲ್ಲಿ ಒಂದು ಕೆಲಸ ಫೇಲ್ ಆದರೆ ಅದರ ಬೆನ್ನಿಗಿರುವ ಸಾಲೆಲ್ಲ ಫೇಲ್. ಆ ಹಳೆಯ ಫೈನಲಿಗೆ ಇದು ತದ್ವಿರುದ್ಧ. ಸರ್ವರ್ ಒಪ್ಪದ ಆರ್ಡರಿನ ತಿದ್ದುಪಡಿ, ರದ್ದತಿ ನಿಲ್ಲುವುದು ಸರಿಯೇ. ಪಕ್ಕದ ಅಂಗಡಿಯ ಆರ್ಡರ್ ಯಾಕೆ ನಿಲ್ಲಬೇಕು? ಹಾಗಾಗಿ ಈಗ ನಮ್ಮಲ್ಲಿ ಪ್ರತಿ ಆರ್ಡರ್ ನಂಬರಿಗೂ ಅದರದೇ ಸರದಿ.