ನಾನು ಹಾರ್ಮೋನಿಯಂ ಕೊಂಡುದು

ಅರುವತ್ತು ತುಂಬಿ ಶಾಲೆಯ ಋಣ ಹರಿದ ಮೇಲೆ ಮನುಷ್ಯನು ಜಪಮಾಲೆಯನ್ನು ಹಿಡಿಯಬೇಕು, ಇಲ್ಲವೇ ಮೊಮ್ಮಕ್ಕಳ ಕೈ ಹಿಡಿಯಬೇಕು ಎಂಬುದು ಲೋಕರೂಢಿ. ನಾನು ಹಿಡಿದುದು ಹಾರ್ಮೋನಿಯದ ತಿದಿಯನ್ನು. ಪಾಠಶಾಲೆಯಲ್ಲಿ ಅಮರವನ್ನೂ ರಘುವಂಶವನ್ನೂ ಕಂಠಸ್ಥ ಮಾಡಿ, ಮುಂದೆ ಅದನ್ನೇ ಮಕ್ಕಳಿಗೆ ಒಪ್ಪಿಸುತ್ತ ಆಯುಷ್ಯ ಕಳೆದವನಿಗೆ ಈ ಬುದ್ಧಿ ಏಕೆ ಬಂದಿತೆಂದರೆ, ನಮ್ಮ ಮನೆಯಾಕೆ ಹಾಡುವವಳು. ಶನಿವಾರದ ಭಜನೆಗೆ ಶ್ರುತಿ ಹಿಡಿಯುವವರೊಬ್ಬರು ಊರು ಬಿಟ್ಟು ಹೋದರು. ಆ ಸ್ಥಾನಕ್ಕೆ ನಾನು ಕುಳಿತೆನು.

ಮೊದಲನೆಯ ಪೆಟ್ಟಿಗೆಯನ್ನು 7,000 ರೂಪಾಯಿಗೆ ಕೊಂಡೆನು. “ಜರ್ಮನ್ ರೀಡು, ಮಾಷ್ಟ್ರೇ” ಎಂದ ಅಂಗಡಿಯವನ ಮಾತನ್ನು ಆಪ್ತವಾಕ್ಯವೆಂದು ನಂಬಿದೆನು. ಎರಡು ವರ್ಷಗಳ ತರುವಾಯ ರಿಪೇರಿಯವರು ಅದನ್ನು ಬಿಚ್ಚಿ, ರೀಡು ಗುಜರಾತಿನ ಪಾಲಿತಾಣದ್ದೆಂದು ಹೇಳಿದರು. ಅದರಲ್ಲಿ ದೋಷವೇನೂ ಇಲ್ಲ, ಒಳ್ಳೆಯ ರೀಡುಗಳೂ ಅಲ್ಲಿಂದಲೇ ಬರುತ್ತವೆ, ಆದರೆ ಇವು ಒಳ್ಳೆಯವಲ್ಲ ಎಂದೂ ಸೇರಿಸಿದರು. ಪಡೀಲಿನ ಮಳೆಗಾಲವಂತೂ ಆ ಪೆಟ್ಟಿಗೆಗೆ ಯಮಸದೃಶವಾಯಿತು. ಆಷಾಢದಲ್ಲಿ ಮರವು ಉಬ್ಬಿ, ಒತ್ತಿದ ಮನೆ ಮೇಲೇಳುತ್ತಿರಲಿಲ್ಲ. ಭಜನೆ ಮುಗಿದು ಮಂಗಳಾರತಿಯಾದರೂ ಒಂದು ಗಾಂಧಾರವು ತಾನೇ ತಾನಾಗಿ ಕೂಗುತ್ತಿತ್ತು.

ಇದನ್ನಾದರೂ ಸಹಿಸಬಹುದಾಗಿತ್ತು. ನಿಜವಾದ ತೊಡಕು ಬೇರೆ. ನನಗೆ ಕಲಿಸಿದವರು ಬಿಳಿ ಐದರಲ್ಲಿ ಷಡ್ಜವಿರಿಸಿ ಕಲಿಸಿದರು. ಆಕೆಯ ಶ್ರುತಿ ಆಗ ಅದೇ ಆಗಿತ್ತು. ಕಳೆದ ವರ್ಷ ಒಂದು ದೀರ್ಘ ಜ್ವರದಿಂದೆದ್ದ ಮೇಲೆ ಆಕೆಯ ಕಂಠವು ಇಳಿಯಿತು. ತಾರಷಡ್ಜದ ಬಳಿ ಸ್ವರವು ಸೀಳುವುದನ್ನು ಕೇಳಿಯೂ ಕೇಳದಂತೆ ನಾನು ತಿದಿಯೊತ್ತುತ್ತಿದ್ದೆನು. ಒಂದು ಶನಿವಾರ ಆಕೆ ಹಾಡಲಿಲ್ಲ, ತಾಳ ಮಾತ್ರ ಹಾಕಿದಳು. ಮತ್ತೊಂದು ಶನಿವಾರ ಅಡಿಗೆಮನೆಯಲ್ಲಿಯೇ ಉಳಿದಳು. ಕಾರಣವನ್ನು ನಾನು ಕೇಳಲಿಲ್ಲ, ಆಕೆಯೂ ಹೇಳಲಿಲ್ಲ. ಆದರೆ ಬೆಳಗ್ಗೆ ಹೂ ಕೊಯ್ಯುವಾಗ ಆಕೆ ಗುನುಗುನಿಸುವುದನ್ನು ಕೇಳಿ, ಒಳಗೆ ಬಂದು ಪೆಟ್ಟಿಗೆಯಲ್ಲಿ ಹುಡುಕಿ ನೋಡಿದೆನು. ಬಿಳಿ ಮೂರು: ಮೂರು ಅರ್ಧಸ್ವರಗಳಷ್ಟು ಕೆಳಗೆ.

ಪಳಗಿದ ಕೈಯುಳ್ಳವರು ಯಾವ ಮನೆಯಿಂದಲಾದರೂ ಷಡ್ಜವನ್ನು ಹಿಡಿಯಬಲ್ಲರು. ನನ್ನ ಕೈಯೋ ಒಂದೇ ದಾರಿಯನ್ನು ಬಲ್ಲ ಗಾಣದೆತ್ತು. ಶಂಕರಾಭರಣದ ಸ್ವರಗಳನ್ನು ಬಿಳಿ ಐದರಿಂದ ಹಿಡಿದರೆ ಕಪ್ಪು ಮನೆ ಒಂದೇ ಒಂದು ಸಿಕ್ಕುತ್ತದೆ. ಬಿಳಿ ಮೂರರಿಂದ ಹಿಡಿದರೆ ನಾಲ್ಕು. ಮೂರು ತಿಂಗಳು ಗುಟ್ಟಾಗಿ ಪ್ರಯತ್ನಿಸಿ ಸೋತೆನು.

ಆಗ ಸ್ಕೇಲ್ ಚೇಂಜರ್ ಎಂಬ ಪೆಟ್ಟಿಗೆಯ ವಿಚಾರ ತಿಳಿಯಿತು. ಇದರಲ್ಲಿ ಮನೆಗಳ ಚೌಕಟ್ಟೇ ರೀಡುಗಳ ಮೇಲೆ ಎಡಕ್ಕೂ ಬಲಕ್ಕೂ ಸರಿಯುತ್ತದೆ. ಬೆರಳು ಹಳೆಯ ಮನೆಯನ್ನೇ ಒತ್ತಿದರೂ ಕೆಳಗೆ ತೆರೆಯುವ ಗಾಳಿಯ ಕಿಂಡಿ ಬೇರೆ. ಆದುದರಿಂದ ಹೊರಡುವ ಸ್ವರವೂ ಬೇರೆ. ಶಾರ್ಙ್ಗದೇವನು 13ನೆಯ ಶತಮಾನದಲ್ಲಿ ಸಂಗೀತರತ್ನಾಕರವನ್ನು ಬರೆಯುತ್ತ, ಶ್ರುತಿಗಳನ್ನು ತೋರಿಸಿಕೊಡಲು ಒಂದು ಧ್ರುವವೀಣೆ, ಒಂದು ಚಲವೀಣೆ ಎಂದು ಎರಡನ್ನು ಇರಿಸಿದನು. ಧ್ರುವವನ್ನೂ ಚಲವನ್ನೂ ಒಂದೇ ಪೆಟ್ಟಿಗೆಯಲ್ಲಿ ಅಡಗಿಸಿದ ಬಡಗಿಯ ಜಾಣ್ಮೆಗೆ ನಾನು ಮನಸ್ಸಿನಲ್ಲಿಯೇ ಕೈಮುಗಿದೆನು. ಪಾಶ್ಚಾತ್ಯರ ಅಕಾರ್ಡಿಯನ್ನಿನಲ್ಲಿಯೂ ಇಂತಹುದೇ ಒಂದು ಉಪಾಯವಿದೆ. ಎಡಗೈಯ ಗುಂಡಿಯೊಂದನ್ನು ಒತ್ತಿದರೆ ಮೂರು ಸ್ವರಗಳು ಒಟ್ಟಿಗೆ ನುಡಿಯುತ್ತವೆ. ಕನ್ವರ್ಟರ್ ಇರುವ ವಾದ್ಯದಲ್ಲಿ ಒಂದು ಕೀಲನ್ನು ತಿರುಗಿಸಿದರೆ ಅದೇ ಗುಂಡಿಗಳು ಒಂದೊಂದೇ ಸ್ವರವನ್ನು ಕೊಡುತ್ತವೆ. ಕಲಿಯುವವನು ಇಷ್ಟು ಬೆಲೆಯದನ್ನು ಈಗಲೇ ಕೊಳ್ಳಬೇಕೆ, ಕೈ ಪಳಗಿದ ಮೇಲೆಯೆ ಎಂಬ ಸಂದೇಹವು ಆ ದೇಶದಲ್ಲಿಯೂ ಇದೆಯಂತೆ. ನನಗೆ ಕಾಯಲು ವ್ಯವಧಾನವಿರಲಿಲ್ಲ.

ಹಾರ್ಮೋನಿಯವನ್ನೇ ಹಳಿಯುವ ಪಂಡಿತರು ಬಹಳ. 1842ರಲ್ಲಿ ಪ್ಯಾರಿಸಿನ ದೆಬೇನ್ ಎಂಬಾತನು ಹಕ್ಕು ಪಡೆದ ಕಾಲಿನಿಂದ ತುಳಿಯುವ ವಾದ್ಯವನ್ನು ಕಲ್ಕತ್ತೆಯ ದ್ವಾರಕಾನಾಥ ಘೋಷರು ಅದೇ ಶತಮಾನದಲ್ಲಿ ನೆಲದ ಮೇಲೆ ಕುಳಿತು ಕೈಯಿಂದ ನುಡಿಸುವಂತೆ ರೂಪಿಸಿದರು. ಇಪ್ಪತ್ತೆರಡು ಶ್ರುತಿಗಳ ಸಂಗೀತವನ್ನು ಹನ್ನೆರಡು ಮನೆಗಳಲ್ಲಿ ಕಟ್ಟಿಹಾಕುವುದೆಂದು ಆಕಾಶವಾಣಿಯು 1940ರಿಂದ 1971ರ ವರೆಗೆ ಇದಕ್ಕೆ ಬಹಿಷ್ಕಾರ ಹಾಕಿತ್ತು. ಗಮಕ ಇದರಲ್ಲಿ ಬಾರದೆಂಬುದು ಸತ್ಯವೇ. ಆದರೂ ಬೆಳಗಾವಿಯ ರಾಮಭಾವು ಬಿಜಾಪುರೆಯವರು (1917–2010) ಇದೇ ಪೆಟ್ಟಿಗೆಯಿಂದ ಕೀರ್ತಿವಂತರಾದರು. ನಮ್ಮ ಯಕ್ಷಗಾನದ ಭಾಗವತರು ಇದರ ಶ್ರುತಿಯಲ್ಲಿ ಇರುಳೆಲ್ಲ ಹಾಡುತ್ತಾರೆ. ಅದಂತಿರಲಿ.

ಹಣದ ಮಾತು ಹೇಳಬೇಕು. ಕಲ್ಕತ್ತೆಯ ತೇಗದ ಪೆಟ್ಟಿಗೆಗೆ 38,000 ರೂಪಾಯಿ. ನಮ್ಮಲ್ಲಿ ಇದ್ದುದು ಮಾಡಿನ ಪಕ್ಕಾಸು, ಹಂಚು ಬದಲಿಸಲೆಂದು ಕೂಡಿಟ್ಟ ಹಣ. ಬೆಂಗಳೂರಿನ ಮಗನು, “ಅಪ್ಪ, ವಿದ್ಯುತ್ತಿನ ಕೀಬೋರ್ಡಾದರೆ ಒಂದು ಗುಂಡಿಯಿಂದ ಶ್ರುತಿ ಬದಲಾಗುತ್ತದೆ, ಬೆಲೆಯೂ ಕಡಿಮೆ” ಎಂದನು. ನ್ಯಾಯವಾದ ಮಾತು. ಆದರೆ ಗಾಳಿಯಿಲ್ಲದ ವಾದ್ಯದೊಡನೆ ಆಕೆ ಹಾಡುವುದನ್ನು ನಾನು ಊಹಿಸಲಾರದೆ ಹೋದೆನು. ಇದು ಮುದುಕನ ಹಟವೆನ್ನಿ.

ಈ ಸಲ ಪರೀಕ್ಷೆ ಮಾಡಿಯೇ ಕೊಂಡೆನು. ತಿದಿಯನ್ನು ತುಂಬಿಸಿ, ಸ್ಟಾಪುಗಳನ್ನು ಮುಚ್ಚಿ, ಗಾಳಿ ಎಷ್ಟು ಹೊತ್ತು ನಿಲ್ಲುವುದೆಂದು ನೋಡಿದೆನು. ಮಂದ್ರ, ಮಧ್ಯ ಷಡ್ಜಗಳನ್ನು ಒಟ್ಟಿಗೆ ಒತ್ತಿ ಸ್ವರವು ಅಲೆಯುವುದೇ ಎಂದು ಕಿವಿಗೊಟ್ಟೆನು. ಚೌಕಟ್ಟನ್ನು ಪ್ರತಿಯೊಂದು ಸ್ಥಾನಕ್ಕೂ ಸರಿಸಿ ಎಲ್ಲ ಮನೆಗಳನ್ನೂ ನುಡಿಸಿದೆನು. ಒಂದು ಸ್ಥಾನದಲ್ಲಿ ಸರಿಯಿದ್ದುದು ಇನ್ನೊಂದರಲ್ಲಿ ಗಾಳಿ ಸೋರುವುದುಂಟು. ಅಂಗಡಿಯವನು ಎರಡು ಸಲ ಆಕಳಿಸಿದನು. ಹದಿಮೂರು ಸ್ಥಾನಗಳದ್ದೂ ಅಲ್ಲಿತ್ತು. ಭಾರ ಹೆಚ್ಚೆಂದು ಒಂಬತ್ತರದನ್ನು ಆರಿಸಿದೆನು. ನಡುವಿನಿಂದ ಎಡಕ್ಕೆ ನಾಲ್ಕು, ಬಲಕ್ಕೆ ನಾಲ್ಕು.

ರಿಕ್ಷಾದಿಂದ ಇಳಿಸಿದಾಗ ಆಕೆ ಅಂಗಳದಲ್ಲಿ ನಿಂತು, “ಮಾಡಿಗೆ ಹೊದೆಸಲು ಇದನ್ನು ತಂದಿರಾ?” ಎಂದಳು. ಆ ದಿನ ಮಾತಿಲ್ಲ. ಸಾಯಂಕಾಲ ನಾನು ಚೌಕಟ್ಟನ್ನು ಮೂರು ಮನೆ ಎಡಕ್ಕೆ ಸರಿಸಿ, ಆಕೆಯ ಮೆಚ್ಚಿನ ದೇವರನಾಮವನ್ನು ಬಿಳಿ ಐದರಿಂದಲೇ ಆರಂಭಿಸಿದೆನು. ಅಡಿಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಪಲ್ಲವಿ ಎರಡನೆಯ ಸಲ ಬರುವಾಗ ಅಲ್ಲಿಂದಲೇ ಕಂಠವು ಸೇರಿತು. ತಾರಷಡ್ಜವು ಸೀಳಲಿಲ್ಲ.

ಹಾಡು ಮುಗಿದ ಮೇಲೆ ಕೈಯೊರೆಸಿಕೊಳ್ಳುತ್ತ ಬಂದು, ಚೌಕಟ್ಟನ್ನು ಬಹಳ ಹೊತ್ತು ನೋಡಿದಳು.

“ಇನ್ನೂ ಎಷ್ಟು ಕೆಳಗೆ ಹೋಗುತ್ತದೆ ಇದು?”

“ಇನ್ನೊಂದು ಮನೆ ಇದೆ” ಎಂದೆನು.

“ಸದ್ಯಕ್ಕೆ ಸಾಕು” ಎಂದು ಹೇಳಿ, ಚಾವಡಿಯಲ್ಲಿ ಹನಿ ಬೀಳುವ ಕಡೆಗೆ ಬಾಲ್ದಿಯಿಡಲು ಹೋದಳು.