ತೊರವಿಯಲ್ಲಿ ಒಬ್ಬನೇ...

ಗೋವಾ, ಕೊಚ್ಚಿ, ಎಲ್ಲ ಕಡೆ ಒಬ್ಬನೇ ತಿರುಗಿದ್ದೇನೆ, ಯಾರೂ ಏನೂ ಕೇಳಲಿಲ್ಲ. ತೊರವಿಯಲ್ಲಿ ಮಾತ್ರ ಕೇಳಿದರು! ವಿಜಯಪುರದಿಂದ ಅಥಣಿ ರಸ್ತೆಯಲ್ಲಿ ಐದಾರು ಕಿಲೋಮೀಟರ್ ಅಷ್ಟೇ. ಆಟೋ ಇಳಿಯುತ್ತಿದ್ದಂತೆ ಕಟ್ಟೆ ಮೇಲಿದ್ದ ಅಜ್ಜ, "ಯಾ ಊರು ತಮ್ಮಾ? ಒಬ್ಬಾಂವ ಬಂದೀ ಏನು? ಲಗ್ನ ಆಗೇದಿಲ್ಲೋ?" ಅಂದ. ಕ್ಯಾಂಪಸ್ ಇಂಟರ್‌ವ್ಯೂನಲ್ಲೂ ಇಷ್ಟು ಬೆವರಿರಲಿಲ್ಲ :-)

'ತೊರವೆ ರಾಮಾಯಣ' ಬರೆದ ಕುಮಾರ ವಾಲ್ಮೀಕಿಯ ಊರಿದು. ಅವನ ಇಷ್ಟದೈವ ನರಸಿಂಹನ ಗುಡಿ ನೆಲದಡಿ ಇದೆ. ತಲೆ ತಗ್ಗಿಸಿ ಇಳಿದರೆ ಬಿಸಿಲೆಲ್ಲ ಮಾಯ.

ಇಲ್ಲೇ 1599ರಲ್ಲಿ ಸಂಗೀತದ ಹುಚ್ಚಿನ ದೊರೆ ಎರಡನೇ ಇಬ್ರಾಹಿಂ ಆದಿಲ್‌ಶಾಹ ನವರಸಪುರ ಕಟ್ಟಹೊರಟ. 1624ರಲ್ಲಿ ಮಲಿಕ್ ಅಂಬರನ ಸೇನೆ ಹಾಳುಗೆಡವಿತು. ಇಪ್ಪತ್ತೈದೇ ವರ್ಷದ ಪ್ರಾಜೆಕ್ಟು! 'ಈ ರಿಲೀಸ್ ಮುಗೀಲಿ, ಸಂಗೀತ ಕಲೀತೀನಿ' ಅಂತ ಐದು ವರ್ಷದಿಂದ ಹೇಳುತ್ತಿರುವ ನನಗೆ ಯಾಕೋ ಚುರುಕ್ ಅಂತು.

ಮುರಿದ ಸಂಗೀತ ಮಹಲಿನ ದೊಡ್ಡ ಕಮಾನಿನಡಿ ಯಾರೂ ಇರಲಿಲ್ಲ... ಬಾತ್‌ರೂಮ್ ಬಿಟ್ಟು ಬೇರೆಲ್ಲೂ ಹಾಡದವನು ಗಂಟಲು ಬಿಚ್ಚಿ ಹಾಡಿದೆ. ಪಾರಿವಾಳಗಳು ಎದ್ದು ಹೋದವು. ಸುಲ್ತಾನ ಕ್ಷಮಿಸಲಿ!

"ಒಬ್ಬನೇ ಹೋದ್ರೆ ಬೇಜಾರಾಗಲ್ವೇನೋ?" ಅಂತ ಅಮ್ಮ ಫೋನಿನಲ್ಲಿ ಕೇಳುತ್ತಾಳೆ. ಜೊತೆಗೆ ಯಾರಾದರೂ ಇದ್ದಿದ್ದರೆ ನಾನು ಹಾಡುತ್ತಿದ್ದೆನಾ, ನೀವೇ ಹೇಳಿ...